ಎಷ್ಟು ಅಡಿ, ಮಿಸ್?

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಕುರುಕ್ಷೇತ್ರ ಶುರುವಾಗುತ್ತದೆ. ಮಕ್ಕಳ ಪ್ರವಾಸ ಎಲ್ಲಿಗೆ? ಪಿ.ಟಿ. ಮೇಷ್ಟ್ರು ಸಂಜೆ ಹೊತ್ತು ದೀಪದ ಆಟ ಇರುವ ಕಡೆ ಹೋಗೋಣ ಎನ್ನುತ್ತಾರೆ. ವಿಜ್ಞಾನದ ಮೇಷ್ಟ್ರಿಗೆ ಮುದ್ದೇನಹಳ್ಳಿಯೇ ಆಗಬೇಕು, ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ತೋರಿಸದೆ ಬೇರೆ ಏನು ತೋರಿಸಿದರೂ ದಂಡ ಎನ್ನುವ ಪೈಕಿ ಅವರು. ಹುಡುಗರಿಗೆ ನಂದಿಬೆಟ್ಟ, ಯಾಕೆಂದರೆ ಅಲ್ಲಿ ಟಿಪ್ಪು ಡ್ರಾಪ್ ಇದೆ. ನಾನು ಲೇಪಾಕ್ಷಿ ಎನ್ನುತ್ತೇನೆ. "ಮತ್ತೆ ಲೇಪಾಕ್ಷಿನಾ ಮೇಡಂ?" ಎಂದು ಹೆಡ್‌ಮಾಸ್ಟರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಅದು ಅವರು ಸೋಲೊಪ್ಪುವ ಲಕ್ಷಣ.

ನಗರಗೆರೆಯವರಿಗೆ ಲೇಪಾಕ್ಷಿ ದೂರವೇನಲ್ಲ. ಗಡಿ ದಾಟಿದರೆ ಹಿಂದೂಪುರ, ಅಲ್ಲಿಂದ ಹದಿನೈದು ಕಿಲೋಮೀಟರ್. ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹಾಗಾಗಿ ಅದು ಬೇರೆ ರಾಜ್ಯದ ಊರು ಎಂದು ನಮಗೆ ಅನ್ನಿಸಿದ್ದೇ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಲಸಿ ಪಾತ್ರೆಗೆ ತುಂಬಿದರೆ ಎಂಟಕ್ಕೆಲ್ಲ ಅಲ್ಲಿರಬಹುದು.

ಈ ಇಪ್ಪತ್ತೆಂಟು ಮೂವತ್ತು ವರ್ಷಗಳಲ್ಲಿ ಎಷ್ಟು ಜಾಗಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಎಲ್ಲಿ ಹೋದರೂ ಬಸ್ಸಿನಿಂದ ಇಳಿಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. "ಎಷ್ಟು ಅಡಿ, ಮಿಸ್?" ಈ ಪ್ರಶ್ನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಮಕ್ಕಳನ್ನು ಬೈಯುವಂತಿಲ್ಲ, ಅವರಿಗೆ ಅದನ್ನು ಕಲಿಸಿದವರು ನಾವೇ. ಪುಸ್ತಕ ಸಾಹಿತ್ಯಗಳ ವಿಮರ್ಶೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ದಾರಿಬದಿಯಲ್ಲಿ ಬಸ್ಸು ನಿಲ್ಲಿಸಿ ನೋಡುವ ಇಂಥ ಜಾಗಗಳ ವಿಮರ್ಶೆಯನ್ನು ಯಾರೂ ಬರೆದಂತಿಲ್ಲ. ನಾಲ್ಕು ಮಂದಿ ಪಂಡಿತರು ಓದುವ ಕಾವ್ಯಕ್ಕೆ ವಿಮರ್ಶೆ ಬೇಕು, ನಾಲ್ಕು ಲಕ್ಷ ಜನ ನೋಡುವ ಸಿಮೆಂಟಿನ ಬಸವನಿಗೆ ಬೇಡವೇ? ನನ್ನದು ಬಿ.ಎ., ಬಿ.ಎಡ್. ವಿದ್ಯೆ. ಆದರೂ ಬಸ್ಸಿನ ಲೆಕ್ಕದಲ್ಲಿ ನನ್ನ ಅನುಭವ ಕಡಿಮೆಯದಲ್ಲ.

ನಮ್ಮ ಸುತ್ತಮುತ್ತಲೇ ನೋಡಿ. ಚಿಕ್ಕಬಳ್ಳಾಪುರದ ಹತ್ತಿರ ಆವಲಗುರ್ಕಿಯಲ್ಲಿ 2023ರ ಜನವರಿಯಲ್ಲಿ ಆದಿಯೋಗಿಯ ಉಕ್ಕಿನ ಮುಖ ಎದ್ದು ನಿಂತಿತು. 112 ಅಡಿ. ಕೊಯಮತ್ತೂರಿನಲ್ಲಿ 2017ರಲ್ಲಿ ನಿಲ್ಲಿಸಿದ್ದೂ ಅದೇ ಮುಖ, ಅದೇ 112 ಅಡಿ. ಕೋಲಾರದ ಕಡೆ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಲಿಂಗ 108 ಅಡಿ, ಎದುರಿನ ಬಸವ 35. ಮುರುಡೇಶ್ವರದ ಶಿವ 123. ಅಂಕಿ ಸಿಕ್ಕಿದ ಕೂಡಲೆ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ, ಐಸ್‌ಕ್ಯಾಂಡಿ ಎಲ್ಲಿದೆ ಎಂದು ತಿರುಗಿ ನೋಡುತ್ತಾರೆ. ಅಲ್ಲಿಗೆ ನೋಡುವುದು ಮುಗಿಯಿತು. ದೊಡ್ಡದನ್ನು ಕಂಡು ಬಾಯಿ ಬಿಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಕೋಟಿಲಿಂಗದ ಸಾಲು ಸಾಲು ಲಿಂಗಗಳ ನಡುವೆ ಮೊದಲ ಸಲ ನಿಂತಾಗ ನಾನೂ ಬಾಯಿ ಬಿಟ್ಟವಳೇ. ಭಕ್ತಿ ಇರುವವರು ಭಕ್ತಿಯಿಂದ ನೋಡಲಿ, ಅದು ಅವರವರ ಮನಸ್ಸು. ನನ್ನ ತಕರಾರು ಇಷ್ಟೇ, ಅಳತೆ ಹೇಳಿದ ಮೇಲೆ ಹೇಳುವುದಕ್ಕೆ ಇನ್ನೇನೂ ಉಳಿಯದಿದ್ದರೆ ಅದು ನೋಡುವ ಜಾಗವೋ, ಅಳೆಯುವ ಜಾಗವೋ?

(ಇನ್ನೊಂದು ಅಳತೆಯನ್ನು ಯಾವ ಬೋರ್ಡಿನಲ್ಲೂ ಬರೆಯುವುದಿಲ್ಲ. ಇಪ್ಪತ್ತೈದು ಹುಡುಗಿಯರನ್ನು ಕರೆದುಕೊಂಡು ಹೋದ ಟೀಚರಿಗೆ ಬೇಕಾದದ್ದು ಅದೇ. ಬಸ್ಸು ನಿಲ್ಲುವ ಜಾಗದಿಂದ ಬಾಗಿಲು ಸರಿಯಾಗಿ ಹಾಕಿಕೊಳ್ಳುವ, ನೀರಿರುವ ಶೌಚಾಲಯ ಎಷ್ಟು ಅಡಿ? ಕೆಲವು ಕಡೆ ಮೈಲಿಯಲ್ಲಿ ಹೇಳಬೇಕಾಗುತ್ತದೆ. ನಮ್ಮ ಹುಡುಗಿಯರು ಪ್ರವಾಸದ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನಾವೂ ಕುಡಿಯುತ್ತಿರಲಿಲ್ಲ.)

ಲೇಪಾಕ್ಷಿಗೆ ಬರುತ್ತೇನೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ, ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರನ ಗುಡಿ. ಊರಿಗೆ ಹೋಗುವ ದಾರಿಯಲ್ಲೇ ಒಂದೇ ಬಂಡೆಯ ಬಸವ, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರ. ಅಡಿ ಹೇಳಿಬಿಟ್ಟೆ ನೋಡಿ. ಆದರೆ ಈ ಬಸವ ಅಡಿಯಿಂದ ದೊಡ್ಡದಾದದ್ದಲ್ಲ. ಕೊರಳಿನ ಗೆಜ್ಜೆಸರ, ಗಂಟೆ, ಮೈಮೇಲಿನ ವಸ್ತ್ರದ ಮಡಿಕೆ ಎಲ್ಲವನ್ನೂ ಈಗ ತಾನೇ ಮೈತೊಳೆದು ಸಿಂಗರಿಸಿ ಕೂರಿಸಿದ ಹಾಗೆ ಕಡೆದಿದ್ದಾರೆ. ಸಂಕ್ರಾಂತಿಯ ದಿನ ನಮ್ಮ ಮನೆಗಳಲ್ಲಿ ಎತ್ತಿಗೆ ಸಿಂಗಾರ ಮಾಡಿದವರಿಗೆ ಇದು ಗೊತ್ತಾಗುತ್ತದೆ. ಇದನ್ನು ಕಡೆದವನು ಎತ್ತು ಸಾಕಿದವನೇ ಇರಬೇಕು.

ಆದರೆ ಜನ ಬರುವುದು ಇದಕ್ಕಲ್ಲ, ನೇತಾಡುವ ಕಂಬಕ್ಕೆ. ಗುಡಿಯ ಮಂಟಪದ ಸುಮಾರು ಎಪ್ಪತ್ತು ಕಂಬಗಳಲ್ಲಿ ಒಂದರ ಬುಡ ನೆಲಕ್ಕೆ ಪೂರ್ತಿ ತಾಗಿಲ್ಲ. ಗೈಡು ಹೆಗಲ ಮೇಲಿನ ಟವಲು ತೆಗೆದು ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಎಳೆಯುತ್ತಾನೆ. ಎಲ್ಲರೂ ಚಪ್ಪಾಳೆ. ಆಮೇಲೆ ಹೆಂಗಸರು ಸೆರಗು, ಹುಡುಗಿಯರು ವೇಲು ತೂರಿಸುತ್ತಾರೆ, ಒಳ್ಳೆಯದಾಗುತ್ತದಂತೆ. ಒಬ್ಬ ಬ್ರಿಟಿಷ್ ಇಂಜಿನಿಯರು ಇದರ ಗುಟ್ಟು ತಿಳಿಯಲು ಕಂಬವನ್ನು ಅಲುಗಾಡಿಸಿದ, ಅದು ಜಾಗ ಬಿಟ್ಟು ಸರಿಯಿತು ಎಂಬ ಕತೆಯನ್ನೂ ಸೇರಿಸುತ್ತಾರೆ. ಬಗ್ಗಿ ನೋಡಿದರೆ ಒಂದು ಮೂಲೆ ನೆಲಕ್ಕೆ ತಾಗಿಕೊಂಡಿರುವುದು ಕಾಣುತ್ತದೆ. ಕಾಣಬಾರದೆಂದೇನೂ ಇಲ್ಲ. ಆದರೆ ಬಗ್ಗಿದವರೆಲ್ಲ ಟವಲು ನೋಡುತ್ತಾರೆ, ಮೂಲೆ ನೋಡುವುದಿಲ್ಲ.

ಕಂಬಕ್ಕೆ ಅರ್ಧ ಗಂಟೆ, ಸೂರಿಗೆ ಐದು ನಿಮಿಷ. ಇದೇ ಲೇಪಾಕ್ಷಿಯ ಮಟ್ಟಿಗೆ ನನ್ನ ದೊಡ್ಡ ಸಂಕಟ. ತಲೆ ಎತ್ತಿದರೆ ಮೇಲೆ ನಾನೂರೈವತ್ತು ವರ್ಷಕ್ಕೂ ಹಳೆಯ ಬಣ್ಣದ ಚಿತ್ರಗಳಿವೆ. ಗಿರಿಜಾ ಕಲ್ಯಾಣ ಇದೆ, ಅರ್ಜುನನ ಕತೆ ಇದೆ, ದೊಡ್ಡ ವೀರಭದ್ರ ಇದ್ದಾನೆ, ಅವನ ಪಾದದ ಬಳಿ ಗುಡಿ ಕಟ್ಟಿಸಿದವರ ಸಂಸಾರ ಇದೆ. ಉದ್ದ ಕುಲಾವಿ ಹಾಕಿಕೊಂಡ ಗಂಡಸರು, ಒಂದು ಪಕ್ಕಕ್ಕೆ ತುರುಬು ಕಟ್ಟಿದ ಹೆಂಗಸರು. ಆ ಹೆಂಗಸರ ಸೀರೆಗಳನ್ನು ನೋಡಬೇಕು! ಪಟ್ಟೆ, ಚೌಕುಳಿ, ಹೂವಿನ ಬುಟ್ಟಾ, ಅಗಲ ಅಂಚು, ಒಬ್ಬಳದು ಇನ್ನೊಬ್ಬಳ ಹಾಗಿಲ್ಲ. ಕಾವಿ, ಕಪ್ಪು, ಬಿಳಿ, ಹಳದಿ, ಹಸಿರು ಇಷ್ಟರಲ್ಲೇ ಅಷ್ಟೊಂದು ಬಗೆ. ಹೊರಗಿನ ಲತಾಮಂಟಪದ ಕಂಬಕ್ಕೊಂದೊಂದು ಬಳ್ಳಿ, ಹಂಸ, ಹೂವು. ಸೀರೆಯಂಗಡಿಯಲ್ಲಿ "ಲೇಪಾಕ್ಷಿ ಅಂಚು" ಎಂದು ಹೇಳಿ ಮಾರುತ್ತಾರಲ್ಲ, ಅದರ ತವರುಮನೆ ಇದು. ಸೀರೆಯಂಗಡಿಯಲ್ಲಿ ಎರಡು ಗಂಟೆ ಕೂರುವ ನಾವು ಇಲ್ಲಿ ಎರಡು ನಿಮಿಷ ತಲೆ ಎತ್ತುವುದಿಲ್ಲ. ಕುತ್ತಿಗೆ ನೋಯುತ್ತದೆ, ನಿಜ. ನಾನು ಮಕ್ಕಳಿಗೆ ಒಂದು ಉಪಾಯ ಮಾಡಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಸೀರೆ ಹಂಚಿಬಿಡುತ್ತೇನೆ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಬೇಕು. ಮೊದಮೊದಲು ಹುಡುಗರು ಮುಖ ಸಿಂಡರಿಸಿದರು. ಕಳೆದ ವರ್ಷ ನೇಕಾರರ ಮನೆಯ ಹುಡುಗನೊಬ್ಬ ಎಲ್ಲರಿಗಿಂತ ಚೆನ್ನಾಗಿ ಬರೆದ. ಅಂಚಿನ ಎಳೆ ಎಣಿಸಲು ಅಂಗಾತ ಮಲಗಿಯೇಬಿಟ್ಟಿದ್ದ.

ಗುಡಿಯ ಹಿಂದೆ ಒಂದೇ ಬಂಡೆಯಲ್ಲಿ ಕಡೆದ ಏಳು ಹೆಡೆಯ ನಾಗ, ಸುರುಳಿಯ ನಡುವೆ ಲಿಂಗ. ಇದರ ಕತೆ ಹೀಗೆ. ಶಿಲ್ಪಿಗಳು ಊಟಕ್ಕೆ ಬಂದರು. ಅಮ್ಮನ ಅಡುಗೆ ಆಗಿರಲಿಲ್ಲ. ಸುಮ್ಮನೆ ಕೂತಿರುವುದೇಕೆ ಎಂದು ಎದುರಿಗಿದ್ದ ಬಂಡೆಯಲ್ಲಿ ನಾಗನನ್ನು ಕಡೆಯತೊಡಗಿದರು. ಅನ್ನ ಆಗುವಷ್ಟರಲ್ಲಿ ನಾಗ ಆಗಿತ್ತು. ಅಮ್ಮ ಹೊರಗೆ ಬಂದು ನೋಡಿ ಬೆರಗಾದಳು. ಅವಳ ದೃಷ್ಟಿ ತಾಗಿ ಬಂಡೆ ಬಿರಿಯಿತು. ಬಿರುಕು ಈಗಲೂ ಕಾಣುತ್ತದೆ, ಗೈಡು ಕೋಲಿನಿಂದ ತೋರಿಸುತ್ತಾನೆ.

ಈ ಕತೆಯನ್ನು ನಾನೂ ಎಷ್ಟೋ ವರ್ಷ ಹಾಗೆಯೇ ಹೇಳಿದ್ದೇನೆ. ಗೈಡಿಗಿಂತ ಚೆನ್ನಾಗಿ ಹೇಳುತ್ತಿದ್ದೆ ಎಂಬ ಜಂಬವೂ ಇತ್ತು. 1996ರ ಪ್ರವಾಸಕ್ಕೆ ನಮ್ಮ ದೊಡ್ಡಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಬಸ್ಸಿನಲ್ಲಿ ಒಂದು ಸೀಟು ಉಳಿದಿತ್ತು ಎಂದು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ. ಆದರೆ ಮನೆಯಲ್ಲಿ ಸೀಮಂತ, ತೊಟ್ಟಿಲು ಎಂದರೆ ಅವಳು ಅಡುಗೆಮನೆಯಿಂದ ಆಚೆ ಬರುತ್ತಿರಲಿಲ್ಲ. ಯಾರೂ ಬರಬೇಡ ಎಂದು ಹೇಳುತ್ತಿರಲಿಲ್ಲ, ಯಾರೂ ಬಾ ಎಂದೂ ಹೇಳುತ್ತಿರಲಿಲ್ಲ. ಮಗು ಅಳುವುದು ನಿಲ್ಲದಿದ್ದರೆ "ಯಾರ ದೃಷ್ಟಿಯೋ" ಎಂದು ಮೆಣಸಿನಕಾಯಿ ನಿವಾಳಿಸುವಾಗ ಎಲ್ಲರೂ ಎಲ್ಲಿಯೋ ನೋಡುತ್ತಿದ್ದರು.

ಅವತ್ತು ನಾಗನ ಮುಂದೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ನಾನು ಕತೆ ಶುರು ಮಾಡಿದೆ. ದೊಡ್ಡಮ್ಮ ಬಂಡೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. "ಅಮ್ಮ ಬಂದಳು, ನೋಡಿದಳು, ಅಬ್ಬಾ ಅಂದಳು, ಬಂಡೆ ಪಳ್ ಅಂತ ಬಿರೀತು!" ಎಂದು ಕೈ ತಟ್ಟಿದೆ. ಮಕ್ಕಳು ಹೋ ಎಂದು ನಕ್ಕರು. ತಿರುಗಿ ನೋಡುತ್ತೇನೆ, ದೊಡ್ಡಮ್ಮ ಕೈ ತೆಗೆದುಕೊಂಡಿದ್ದಳು. ಸೆರಗನ್ನು ತಲೆಗೆ ಎಳೆದುಕೊಂಡು ಹೋಗಿ ದೂರದ ಕಟ್ಟೆಯ ಮೇಲೆ ಕೂತಳು, ನಾಗನಿಗೆ ಬೆನ್ನು ಮಾಡಿ. ನನಗೆ ಆಗಲೂ ಹೊಳೆಯಲಿಲ್ಲ. ಬಿಸಿಲಿಗೆ ಸುಸ್ತಾಯಿತೇನೋ ಎಂದು ನೀರು ಕೊಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ, ಹಿಂದೂಪುರ ದಾಟಿದ ಮೇಲೆ, ಕಿಟಕಿಯಾಚೆ ನೋಡುತ್ತ ಹೇಳಿದಳು, "ಆ ಕಲ್ಲು ಮೊದಲೇ ಬಿರಿದಿತ್ತೇನೋ ಕಣೇ."

ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ.

ವಿಮರ್ಶಕರು ಒಂದು ಪುಸ್ತಕ ಬರೆದು ಹೇಳಬೇಕಾದ್ದನ್ನು ದೊಡ್ಡಮ್ಮ ಒಂದು ಸಾಲಿನಲ್ಲಿ ಹೇಳಿದ್ದಳು. ನನಗೆ ತಿಳಿಯಲು ವರ್ಷಗಳು ಬೇಕಾದವು. ನಮ್ಮ ಕಡೆ ಕಲ್ಲು ಒಡೆಯುವವರನ್ನು ಕೇಳಿದರೆ ಹೇಳುತ್ತಾರೆ, ಎಂಥ ಬಂಡೆಯಲ್ಲೂ ಒಂದು ನರ ಇರುತ್ತದೆ. ಬಿಸಿಲಿಗೆ ಕಾದು ಇರುಳಿಗೆ ಆರಿ ಅದು ಬಿಡುತ್ತ ಹೋಗುತ್ತದೆ. ಉಳಿ ಹಾಕಿದ ಮೇಲೆ ಬೇಗ ಬಿಡುತ್ತದೆ. ಅಷ್ಟು ದೊಡ್ಡ ಕೆಲಸ ಮಾಡಿದವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಕತೆಯಲ್ಲಿ ತಪ್ಪು ಬಂದದ್ದು ಅಮ್ಮನ ತಲೆಗೆ, ಅದೂ ಎರಡೆರಡು ತಪ್ಪು. ಅಡುಗೆ ತಡವಾದದ್ದು ಒಂದು, ಮಕ್ಕಳ ಕೆಲಸ ನೋಡಿ ಸಂತೋಷಪಟ್ಟದ್ದು ಇನ್ನೊಂದು. ಅಷ್ಟು ಜನರಿಗೆ ಬೇಯಿಸುತ್ತಿದ್ದವಳು ಒಲೆ ಬಿಟ್ಟು ಹೊರಗೆ ಬಂದು ತಲೆ ಎತ್ತಿ ನೋಡಿದ್ದು ಒಂದೇ ಸಲ! ಅದೇ ಅಂಗಳದಲ್ಲಿ, ನೆಲದ ಕಲ್ಲಿನಲ್ಲೇ ಕೊರೆದ ದೊಡ್ಡ ಊಟದ ತಟ್ಟೆಗಳಿವೆ. ಅನ್ನಕ್ಕೆ ಒಂದು ಗುಂಡಿ, ಪಲ್ಯ ಸಾರಿಗೆ ಸುತ್ತ ಸಣ್ಣ ಗುಂಡಿಗಳು. ಶಿಲ್ಪಿಗಳು ಊಟ ಮಾಡುತ್ತಿದ್ದ ತಟ್ಟೆ ಎಂದು ಗೈಡು ತೋರಿಸಿ ಮುಂದೆ ಹೋಗುತ್ತಾನೆ. ಆ ತಟ್ಟೆಗಳಿಗೆ ಬಡಿಸಿದವರು ಯಾರು ಎಂದು ಯಾರೂ ಕೇಳಿದ್ದು ನಾನು ಕಂಡಿಲ್ಲ.

2019ರ ಬೇಸಿಗೆ ರಜೆಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ಊರಿಗೆ ಹೋಗಿದ್ದೆ. ಬಾಣಂತನ ಎಂದರೆ ಗೊತ್ತಲ್ಲ, ನಲವತ್ತು ದಿನದಲ್ಲಿ ಮನೆಯಿಂದ ಆಚೆ ಕಾಲಿಟ್ಟದ್ದು ಮೂರೋ ನಾಲ್ಕೋ ಸಲ. ಒಂದು ಭಾನುವಾರ ಅಳಿಯ, "ಅತ್ತೆ, ಒಂದು ತಮಾಷೆ ತೋರಿಸ್ತೀನಿ ಬನ್ನಿ" ಎಂದು ಪಕ್ಕದ ಕಟೂಸಾ ಎಂಬಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಹೋದ. ಹಳೆಯ ಹೆದ್ದಾರಿ, ಪಕ್ಕದಲ್ಲಿ ಒಂದು ಸಣ್ಣ ಕೊಳ. ಕೊಳದಲ್ಲಿ ನೀಲಿ ಬಣ್ಣದ ಸಿಮೆಂಟಿನ ತಿಮಿಂಗಿಲ, ಬಾಯಿ ತೆರೆದು ನಗುತ್ತಿದೆ! ಬಾಯೊಳಗೆ ಹೊಕ್ಕು ಬೆನ್ನ ಕಡೆ ನಡೆಯಬಹುದು. 80 ಅಡಿ ಉದ್ದವಂತೆ. ಸಮುದ್ರ ಕಾಣದ ಊರಿನಲ್ಲಿ ತಿಮಿಂಗಿಲ! ನಮ್ಮ ಗೌರಿಬಿದನೂರು ಕೆರೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ತಲೆ ಕೆಟ್ಟಿದೆ ಎನ್ನುತ್ತಿದ್ದೆವು.

ಅಲ್ಲಿಯ ಬೋರ್ಡು ಓದಿದೆ. ಹ್ಯೂ ಡೇವಿಸ್ ಎಂಬ ಮನುಷ್ಯ, ಪ್ರಾಣಿಸಂಗ್ರಹಾಲಯ ನೋಡಿಕೊಳ್ಳುತ್ತಿದ್ದವನು, ಕೆಲಸದಿಂದ ನಿವೃತ್ತನಾದ ಮೇಲೆ ತನ್ನ ಕೈಯಾರೆ ಕಟ್ಟಿದ್ದು. ಯಾಕೆ? ಹೆಂಡತಿ ಜೆಲ್ಟಾಗೆ ತಿಮಿಂಗಿಲದ ಪುಟ್ಟ ಗೊಂಬೆಗಳನ್ನು ಕೂಡಿಡುವ ಹವ್ಯಾಸ. ಮದುವೆಯ ವಾರ್ಷಿಕೋತ್ಸವಕ್ಕೆ ಒಂದು ದೊಡ್ಡ ಗೊಂಬೆ ಮಾಡಿಕೊಟ್ಟ. 1970ರ ಸುಮಾರಿಗೆ ಶುರು ಮಾಡಿ 1972ರಲ್ಲಿ ಮುಗಿಸಿದ. ಮನೆಮಂದಿ ಈಜಲಿ ಎಂದು ಕಟ್ಟಿದ್ದು, ಊರ ಮಕ್ಕಳು ಬೇಲಿ ದಾಟಿ ಬಂದರು. ಬಂದವರನ್ನು ಓಡಿಸುವ ಬದಲು ಎಲ್ಲರಿಗೂ ಬಾಗಿಲು ತೆರೆದರು. ವಯಸ್ಸಾದ ಮೇಲೆ 1988ರಲ್ಲಿ ಮುಚ್ಚಿದರು. ಪಾಳುಬಿದ್ದದ್ದನ್ನು ಮತ್ತೆ ಊರವರೇ ಸೇರಿ ಬಣ್ಣ ಬಳಿದು ಎಬ್ಬಿಸಿದರು.

ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ಗಂಡಸು ಹೆಂಡತಿಯ ಗೊಂಬೆ ಕಪಾಟನ್ನು ಗಮನಿಸಿದ್ದಾನೆ ಎಂಬುದೇ ನನಗೆ 80 ಅಡಿಗಿಂತ ದೊಡ್ಡದಾಗಿ ಕಂಡಿತು. (ನಮ್ಮ ಯಜಮಾನರಿಗೆ ಫೋನಿನಲ್ಲಿ ಹೇಳಿದೆ. "ನೀನು ಏನು ಕೂಡಿಡ್ತೀಯ?" ಎಂದು ಕೇಳಿದರು.) ಆದರೂ ನನ್ನ ವಿಮರ್ಶೆಯ ಬುದ್ಧಿ ಬಿಡಬೇಕಲ್ಲ. ತಿಮಿಂಗಿಲ ಚಂದವೇನಲ್ಲ. ಕಣ್ಣು ಎಲ್ಲಿಯೋ, ಬಾಯಿ ಎಲ್ಲಿಯೋ, ನಮ್ಮ ಊರಿನ ಕುಂಬಾರನ ಮಗ ಇದಕ್ಕಿಂತ ಚೆನ್ನಾಗಿ ಮಾಡಿಯಾನು. ಆದರೆ ಮಾಡಿದವನಿಗೆ ಮಾಡುವುದಕ್ಕೊಂದು ಕಾರಣವಿತ್ತು. ಆ ಕಾರಣವನ್ನು ಬೋರ್ಡಿನಲ್ಲಿ ಬರೆದಿದ್ದಾರೆ.

ಆ ದೇಶದಲ್ಲಿ ಇಂಥವು ಬಹಳ ಇವೆಯಂತೆ, ಮಗಳ ಮನೆಯ ಪುಸ್ತಕವೊಂದರಲ್ಲಿ ಓದಿದೆ. ಕ್ಯಾನ್ಸಸ್‌ನ ಕಾಕರ್ ಸಿಟಿಯಲ್ಲಿ ಒಬ್ಬ ರೈತ 1953ರಲ್ಲಿ ಹುರಿಯ ತುಂಡುಗಳನ್ನು ಸುತ್ತಿ ಒಂದು ಉಂಡೆ ಮಾಡಲು ಹಿಡಿದ. ಈಗ ಊರವರೆಲ್ಲ ವರ್ಷಕ್ಕೊಮ್ಮೆ ಸೇರಿ ಅದಕ್ಕೆ ಇನ್ನಷ್ಟು ಹುರಿ ಸುತ್ತುತ್ತಾರೆ. ಟೆಕ್ಸಸ್‌ನ ಅಮರಿಲ್ಲೊ ಹತ್ತಿರ 1974ರಲ್ಲಿ ಹತ್ತು ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗಾಗಿ ಹೊಲದಲ್ಲಿ ಹೂತರು. ಇದೆಲ್ಲ ಗಂಡಸರ ಹುಚ್ಚು ಎಂದುಕೊಳ್ಳುವಷ್ಟರಲ್ಲಿ ಸೌತ್ ಡಕೋಟಾದ ವಾಲ್ ಎಂಬ ಊರಿನ ಕತೆ ಸಿಕ್ಕಿತು. ಅಲ್ಲಿ ಟೆಡ್ ಹಸ್ಟೆಡ್ ಎಂಬಾತ 1931ರಲ್ಲಿ ಒಂದು ಔಷಧಿ ಅಂಗಡಿ ಕೊಂಡ. ವ್ಯಾಪಾರವಿಲ್ಲ. 1936ರ ಬೇಸಿಗೆಯಲ್ಲಿ ಅವನ ಹೆಂಡತಿ ಡೊರೊತಿ ಮಧ್ಯಾಹ್ನ ಮಲಗಲು ಹೋದಳು. ಹೆದ್ದಾರಿಯ ಕಾರುಗಳ ಸದ್ದಿಗೆ ನಿದ್ದೆ ಹತ್ತಲಿಲ್ಲ. ಈ ಬಿಸಿಲಲ್ಲಿ ಹೋಗುತ್ತಿರುವವರಿಗೆ ಏನು ಬೇಕು ಎಂದು ಯೋಚಿಸಿದಳು. ತಣ್ಣಗಿನ ನೀರು ಬೇಕು. ಎದ್ದು ಬಂದು, ಪುಕ್ಕಟೆ ಐಸ್ ನೀರು ಕೊಡುತ್ತೇವೆ ಎಂದು ದಾರಿಯುದ್ದಕ್ಕೂ ಬೋರ್ಡು ಹಾಕಿಸು ಎಂದಳು. ಅಲ್ಲಿಂದ ಆ ಅಂಗಡಿ ಊರಿಗಿಂತ ಹೆಸರಾಯಿತು. ನಮ್ಮಲ್ಲಿ ಇದಕ್ಕೆ ಅರವಟ್ಟಿಗೆ ಎಂಬ ಹೆಸರೇ ಇದೆ. ಹಸಿ ಮರಳಿನ ಮೇಲೆ ಮಡಕೆ, ಹತ್ತಿರ ಒಬ್ಬ ಅಜ್ಜಿ, ಒಂದು ಲೋಟ ನೀರುಮಜ್ಜಿಗೆ. ನಾವು ಮಾರಲಿಲ್ಲ ಅಷ್ಟೇ. ಈಗ ಕೊಡುವುದನ್ನೂ ನಿಲ್ಲಿಸುತ್ತಿದ್ದೇವೆ.

ಹಿಂದಿರುಗಿ ಬಂದ ಮೇಲೆ ನನ್ನ ಕಣ್ಣು ಸ್ವಲ್ಪ ಬೇರೆಯಾಯಿತು. ಕದಿರಿಯ ಹತ್ತಿರದ ತಿಮ್ಮಮ್ಮ ಮರ್ರಿಮಾನುವಿಗೆ ಹಿಂದೆಯೂ ಹೋಗಿದ್ದೆ. ಐದು ಎಕರೆಯಷ್ಟು ಹರಡಿದ ಆಲದ ಮರ, 1989ರಲ್ಲಿ ಗಿನ್ನೆಸ್ ಪುಸ್ತಕ ಸೇರಿತು. ಬಿಳಲು ಹಿಡಿದು ಜೋಲಿಯಾಡಿ, ಎಷ್ಟು ಬಿಳಲು ಎಂದು ಎಣಿಸಿ ಬಂದಿದ್ದೆವು. ಆ ತಿಮ್ಮಮ್ಮ ಯಾರು? 1434ರಲ್ಲಿ ಗಂಡನ ಚಿತೆ ಏರಿದವಳು, ಚಿತೆಯ ಚಪ್ಪರಕ್ಕೆ ನೆಟ್ಟ ಗೂಟ ಚಿಗುರಿ ಈ ಮರವಾಯಿತು ಎಂದು ಹೇಳುತ್ತಾರೆ. ಅಲ್ಲಿ ಹೋಗುವ ಮಕ್ಕಳಿಲ್ಲದವರಿಗೆ ಮಕ್ಕಳಾಗುತ್ತವೆ ಎಂಬ ನಂಬಿಕೆಯೂ ಇದೆ. ಬೆಂಕಿಗೆ ಬಿದ್ದ ಹೆಂಗಸು ಒಂದು ಸಾಲಿನಲ್ಲಿ ಮುಗಿದು ಹೋಗುತ್ತಾಳೆ, ಉಳಿದದ್ದೆಲ್ಲ ಎಕರೆಯ ಲೆಕ್ಕ. ಕಳೆದ ಸಲ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಅವಳಿಗೆ ಎಷ್ಟು ವಯಸ್ಸಾಗಿತ್ತು ಮಿಸ್?" ಎಂದು ಕೇಳಿದಳು. ಅಂತೂ ಅಡಿ, ಎಕರೆ ಬಿಟ್ಟು ಬೇರೊಂದು ಅಳತೆಯನ್ನು ಕೇಳಿದಳಲ್ಲ ಎಂದು ನನಗೆ ಸಂತೋಷವಾಯಿತು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಈ ವರ್ಷದ ಯುದ್ಧದಲ್ಲಿ ಹೆಡ್‌ಮಾಸ್ಟರೊಂದಿಗೆ ಒಪ್ಪಂದವಾಯಿತು. ಬೆಳಿಗ್ಗೆ ಲೇಪಾಕ್ಷಿ, ಮಧ್ಯಾಹ್ನ ವಾಪಸು ಬರುವ ದಾರಿಯಲ್ಲಿ ವಿದುರಾಶ್ವತ್ಥ. ಲೇಪಾಕ್ಷಿಯಲ್ಲಿ ನಾಗನ ಕತೆ ನಾನೇ ಹೇಳಿದೆ. ಅಡುಗೆ ಮಾಡುತ್ತಿದ್ದ ಅಮ್ಮನಿಂದ ಶುರು ಮಾಡಿದೆ. ಎಷ್ಟು ಜನಕ್ಕೆ ಬೇಯಿಸಬೇಕಿತ್ತು, ಸೌದೆ ಹಸಿಯಾಗಿತ್ತೋ ಏನೋ, ಯೋಚಿಸಿ ಎಂದೆ. ಕೊನೆಗೆ ಅವಳು ಹೊರಗೆ ಬಂದು ನೋಡಿದಳು, ಬಂಡೆಯಲ್ಲಿ ಮೊದಲೇ ಒಂದು ಬಿರುಕಿತ್ತು, ಅದನ್ನು ಮೊದಲು ಕಂಡವಳು ಅವಳೇ ಎಂದೆ. ಗೈಡು ಪಕ್ಕದಲ್ಲೇ ನಿಂತು ಕೇಳುತ್ತಿದ್ದವನು ತೆಲುಗಿನಲ್ಲಿ, "ಕತೆ ಹಾಗಲ್ಲಮ್ಮಾ" ಎಂದ. ಹೀಗೂ ಇರಬಹುದು ಎಂದೆ. ನಾನು ಹೇಳಿದ್ದೂ ಕತೆಯೇ, ಇತಿಹಾಸವಲ್ಲ. ಅದನ್ನೂ ಮಕ್ಕಳಿಗೆ ಹೇಳಿದೆ.

ವಿದುರಾಶ್ವತ್ಥ ಗೌರಿಬಿದನೂರಿನ ಪಕ್ಕದಲ್ಲೇ, ಉತ್ತರ ಪಿನಾಕಿನಿಯ ದಡದಲ್ಲಿದೆ. ಮಹಾಭಾರತದ ವಿದುರ ನೆಟ್ಟದ್ದು ಎಂದು ಹೇಳುವ ಅಶ್ವತ್ಥ ಮರ 2001ರಲ್ಲಿ ಉರುಳಿತು. ಅದಕ್ಕೂ ಮುಂಚೆ, 1938ರ ಏಪ್ರಿಲ್ 25ರಂದು, ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಜನರ ಲೆಕ್ಕದಲ್ಲಿ ಸತ್ತವರು 32. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಪಟೇಲರ ನಡುವೆ ಒಪ್ಪಂದವಾಗಿ ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದೆಂದಾಯಿತು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಬರೆಯುತ್ತಾರೆ. ಪಂಜಾಬಿನ ಹೆಸರಿನ ಆಸರೆ ಯಾಕೆ ಬೇಕು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ, ವಿದುರಾಶ್ವತ್ಥ ಎಂದರೆ ಸಾಲದೇ? ಸ್ತೂಪದ ಮುಂದೆ ಮಕ್ಕಳು ಗಲಾಟೆ ಮಾಡಲಿಲ್ಲ. ಅಡಿ ಎಷ್ಟೆಂದು ಯಾರೂ ಕೇಳಲಿಲ್ಲ. ಎರಡು ಲೆಕ್ಕ ಯಾಕೆ ಮಿಸ್ ಎಂದು ಒಬ್ಬ ಕೇಳಿದ. ಆ ಪ್ರಶ್ನೆಗೆ ಬಸ್ಸಿನಲ್ಲಿ ಇಡೀ ದಾರಿ ಉತ್ತರ ಹೇಳಬಹುದು.

ಆದರೆ ಹೊರಗಿನಿಂದ ಬರುವವರು ಕ್ಯಾಮೆರಾ ತೆಗೆಯುವುದು ನಾಗರಕಲ್ಲುಗಳ ಹತ್ತಿರ. ಸಾವಿರಾರು ಕಲ್ಲು. ಸಾಲಾಗಿ, ಗುಂಪಾಗಿ, ಒಂದಕ್ಕೊಂದು ಒರಗಿಕೊಂಡು, ಅರಿಶಿನ ಕುಂಕುಮ ಮೆತ್ತಿಕೊಂಡು, ಮೇಲೆ ಕೋತಿಗಳು ಕೂತು. ಎಂಥ ವಿಚಿತ್ರ ಎನ್ನುತ್ತಾರೆ. ವಿಚಿತ್ರವೇ. ಸರ್ಪದೋಷ ಕಳೆಯಲಿ, ಮಕ್ಕಳಾಗಲಿ ಎಂದು ಕಲ್ಲು ಮಾಡಿಸಿ, ನೀರಿನಲ್ಲಿಟ್ಟು, ಪೂಜೆ ಮಾಡಿ ಪ್ರತಿಷ್ಠೆ ಮಾಡುತ್ತಾರೆ. ಒಂದೊಂದು ಕಲ್ಲಿನ ಹಿಂದೆ ಒಬ್ಬ ಹೆಂಗಸು. ಕಮ್ಮಸಂದ್ರದಲ್ಲಿ ದುಡ್ಡು ಕಟ್ಟಿದವರ ಹೆಸರಿನಲ್ಲಿ ಲಿಂಗ ನಿಲ್ಲಿಸುತ್ತಾರೆ. ಇಲ್ಲಿಯ ಹಳೆಯ ಕಲ್ಲುಗಳ ಮೇಲೆ ನಾನು ಹೆಸರು ಕಂಡಿಲ್ಲ.

ನಮ್ಮ ದೊಡ್ಡಮ್ಮನದೂ ಒಂದು ಕಲ್ಲು ಇಲ್ಲಿದೆ. ಮದುವೆಯಾಗಿ ಏಳನೆಯ ವರ್ಷ ಇಟ್ಟದ್ದು. ಎರಡು ಹಾವು ಹೆಣೆದುಕೊಂಡಿವೆ, ನಡುವೆ ಲಿಂಗ, ಬಲಗಡೆ ಮೇಲಿನ ಮೂಲೆ ಮುಕ್ಕಾಗಿದೆ ಎಂದು ಗುರುತು ಹೇಳಿದ್ದಳು. ಮುಕ್ಕಾದ ಕಲ್ಲು ಕೊಟ್ಟನಲ್ಲ ಎಂದು ಕಲ್ಲಿನವನ ಜೊತೆ ಜಗಳವಾಗಿತ್ತಂತೆ. ಅವಳು ತೀರಿಕೊಂಡ ಮೇಲೆ ಎಷ್ಟು ಸಲ ಹುಡುಕಿದ್ದೇನೋ. ಎರಡು ಹಾವು ಹೆಣೆದ ಕಲ್ಲು ನೂರಾರಿವೆ, ಮುಕ್ಕಾಗದ ಕಲ್ಲೇ ಕಡಿಮೆ.

ಈ ಸಲ ಮಕ್ಕಳಿಗೆ ಗುರುತು ಹೇಳಿದೆ. ಯಾರ ಕಲ್ಲು ಎಂದು ಹೇಳಿದೆ, ಯಾಕೆ ಇಟ್ಟಳು, ಮಕ್ಕಳಾಗಲಿಲ್ಲ ಎಂಬುದನ್ನೂ ಹೇಳಿದೆ. 1996ರ ಬಸ್ಸಿನ ಮಾತು ಮಾತ್ರ ಹೇಳಲಿಲ್ಲ. ಅರ್ಧ ಗಂಟೆ ಹುಡುಕಿದರು. "ಇಲ್ಲಿದೆ ಮಿಸ್", "ಇದೇ ಮಿಸ್" ಎಂದು ನಾಲ್ಕು ಕಡೆಯಿಂದ ಕೂಗಿದರು. ಹೋಗಿ ನೋಡಿದೆ. ಎಲ್ಲವೂ ಅದೇ ಇರಬಹುದು. ಡ್ರೈವರ್ ಹಾರನ್ ಹೊಡೆಯತೊಡಗಿದ. ಕತ್ತಲಾಗುವುದರೊಳಗೆ ಮಕ್ಕಳನ್ನು ಊರು ಸೇರಿಸಬೇಕು.

ಬಸ್ಸಿನಲ್ಲಿ ತಲೆ ಎಣಿಸಿದೆ. ಐವತ್ತೆರಡು. ಒಂದು ಕಡಿಮೆ. ಇಳಿದು ಕೂಗಿದೆ. ತಿಮ್ಮಮ್ಮನ ವಯಸ್ಸು ಕೇಳಿದ್ದಳಲ್ಲ, ಆ ಹುಡುಗಿ ಕಲ್ಲುಗಳ ಹಿಂದಿನಿಂದ ಓಡಿ ಬಂದಳು. ಬೆರಳಿನ ತುದಿಯಲ್ಲಿ ಕುಂಕುಮ ಅಂಟಿಕೊಂಡಿತ್ತು. "ಯಾವುದು ಅಂತ ಗೊತ್ತಾಗಲಿಲ್ಲ ಮಿಸ್. ಮೂಲೆ ಮುಕ್ಕಾಗಿರೋದಕ್ಕೆಲ್ಲ ಇಟ್ಟೆ" ಎಂದಳು.

"ಹತ್ತು ಬೇಗ" ಎಂದೆ.